ಎಂಟುನೂರು ಅಡಿಯ ಕೆಳಗೆ

ಕಳೆದ ಫೆಬ್ರುವರಿಯಲ್ಲಿ ಒಂಬತ್ತನೇ ತರಗತಿಯ ಹುಡುಗನೊಬ್ಬ ಎರಡು ದಿನ ಶಾಲೆಗೆ ಬರಲಿಲ್ಲ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಕಡೆಯವನು. ಮೂರನೇ ದಿನ ಬಂದವನು ಪಾಠ ಮುಗಿದ ಮೇಲೆ ನನ್ನ ಮೇಜಿನ ಬಳಿ ನಿಂತ.

“ಸರ್, ನಮ್ಮ ಹೊಲದಾಗ ಬೋರು ಹಾಕಿಸ್ತಿದೀವಿ. ಎಂಟ್ನೂರು ಫೂಟಾತು, ಬರೀ ಬಿಳಿ ಪುಡಿ ಬರ್ತೈತಿ. ಇನ್ನ ಇನ್ನೂರು ಹೊಡಿಸಿದ್ರೆ ನೀರು ಬೀಳ್ತಾವ ಅಂತಾರ ಗಾಡಿಯೋರು. ಭೂಮಿ ಕೆಳಗ ನೀರು ಐತಾ ಸರ್?”

ಅದು ಅವರ ಮೂರನೇ ಬೋರು. ಸಾಲ ಎಷ್ಟೆಂದು ನಾನು ಕೇಳಲಿಲ್ಲ.

ಭೂಮಿಯ ಅಂತರ್ರಚನೆಯ ಪಾಠವನ್ನು ಇಪ್ಪತ್ತೈದು ವರ್ಷ ಈರುಳ್ಳಿಯ ಚಿತ್ರ ಬರೆದೇ ಮಾಡಿದ್ದೇನೆ. ಆದರೆ ಹೊಲದಲ್ಲಿ ಗಾಡಿ ನಿಲ್ಲಿಸಿಕೊಂಡು ಆ ಪಾಠದ ಪ್ರಶ್ನೆ ಕೇಳಿದವನು ಇವನೊಬ್ಬನೇ.

ಮೊದಲು ಆ ಬಿಳಿ ಪುಡಿಯ ವಿಚಾರ. ರಾಮನಗರದಿಂದ ಮಧುಗಿರಿ, ಪಾವಗಡಗಳ ಮೂಲಕ ನಮ್ಮ ಗುಡೇಕೋಟೆ, ಹಂಪಿಯವರೆಗೆ ಸುಮಾರು 400 ಕಿಲೋಮೀಟರ್ ಉದ್ದದ ಗ್ರಾನೈಟ್ ಪಟ್ಟಿಯೊಂದಿದೆ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಕಲ್ಲಿಗೂ ಅದೇ ಹೆಸರು ಉಳಿಯಿತು. ಭೂಮಿಯೊಳಗೆ ಕರಗಿದ ಶಿಲೆ ಮೇಲೇರುತ್ತಾ ನೆಲದಡಿಯಲ್ಲೇ ತಣಿದು ಗಟ್ಟಿಯಾದದ್ದು ಇದು. ಮೇಲಿದ್ದ ಹೊದಿಕೆಯನ್ನು ಮಳೆ ಗಾಳಿಗಳು ಕೋಟ್ಯಂತರ ವರ್ಷ ಸವೆಸಿದ ಮೇಲೆ ಬಂಡೆ ಬಯಲಿಗೆ ಬಂತು. ದಕ್ಷಿಣಕ್ಕೆ ಹೋದಂತೆ ಈ ಪಟ್ಟಿಯ ಹೆಚ್ಚು ಆಳದ ಭಾಗ ಹೊರಗೆ ಕಾಣುತ್ತದೆ. ಭೂಮಿಯ ಒಳಗನ್ನು ನೋಡಬೇಕೆನ್ನುವವರು ಗುಡೇಕೋಟೆಯ ಕರಡಿಗುಡ್ಡ ನೋಡಿದರೂ ಆದೀತು!

ಇದರ ವಯಸ್ಸು ಸುಮಾರು 250 ಕೋಟಿ ವರ್ಷ. ಈ ಕಲ್ಲಿನಲ್ಲಿ ಜಿರ್ಕಾನ್ ಎಂಬ ಸಣ್ಣ ಹರಳುಗಳಿರುತ್ತವೆ. ಅವುಗಳೊಳಗಿನ ಯುರೇನಿಯಂ ನಿಧಾನವಾಗಿ ಸೀಸವಾಗುತ್ತಾ ಹೋಗುತ್ತದೆ. ಅರ್ಧ ಸೀಸವಾಗಲು ಸುಮಾರು 447 ಕೋಟಿ ವರ್ಷ ಬೇಕು. ಎಷ್ಟು ಸೀಸವಾಗಿದೆ ಎಂದು ಅಳೆದರೆ ವಯಸ್ಸು ತಿಳಿಯುತ್ತದೆ. ಹಡಗಲಿ, ಹರಪನಹಳ್ಳಿ ಕಡೆ ಕಾಣುವ ಪಟ್ಟೆಪಟ್ಟೆಯ ನೈಸ್ ಶಿಲೆ ಇದಕ್ಕೂ ಹಿರಿಯದು; ಕರ್ನಾಟಕದ ಅಂಥ ಶಿಲೆಗಳಲ್ಲಿ ಕೆಲವು 300 ಕೋಟಿ ದಾಟಿವೆ. ಸ್ವತಃ ಭೂಮಿಗೆ 454 ಕೋಟಿ. ಅಮೆರಿಕದ ಕ್ಲೇರ್ ಪ್ಯಾಟರ್ಸನ್ 1956ರಲ್ಲಿ ಉಲ್ಕೆಗಳ ಸೀಸವನ್ನು ಅಳೆದು ಹೆಚ್ಚುಕಡಿಮೆ ಇದೇ ಲೆಕ್ಕ ಕೊಟ್ಟರು.

ಧೂಳು, ಕಲ್ಲುಗಳು ಒಂದಕ್ಕೊಂದು ಬಡಿದು ಸೇರಿ ಆದ ಈ ಗೋಳ ಆಗ ಕಾದು ಕರಗಿತ್ತು. ಬೆಲ್ಲದ ಕೊಪ್ಪರಿಗೆಯಲ್ಲಿ ನೊರೆ ಮೇಲೆ ತೇಲುವಂತೆ ಹಗುರ ಕಲ್ಲು ಮೇಲುಳಿಯಿತು, ಕಬ್ಬಿಣ ಕೆಳಗಿಳಿಯಿತು. ನಮ್ಮ ಕಾಲ ಕೆಳಗೆ ಮೂವತ್ತು ನಲವತ್ತು ಕಿಲೋಮೀಟರ್ ತೊಗಟೆ. ಅಲ್ಲಿಂದ 2,900 ಕಿಲೋಮೀಟರ್‌ವರೆಗೆ ಬಿಸಿಶಿಲೆಯ ಕವಚ. ಅದರೊಳಗೆ ದ್ರವ ಕಬ್ಬಿಣ. ನಡುವೆ ಗಟ್ಟಿ ಕಬ್ಬಿಣದ ಗುಂಡು. ಕೇಂದ್ರ 6,371 ಕಿಲೋಮೀಟರ್ ಕೆಳಗೆ. ಅಲ್ಲಿಗೆ ಯಾರೂ ಹೋಗಿಲ್ಲ. ಭೂಕಂಪದ ಅಲೆಗಳು ಹೋಗಿಬಂದು ಹೇಳಿದ್ದು ಇದು. ಒಳಗಿನ ಗುಂಡನ್ನು 1936ರಲ್ಲಿ ಗುರುತಿಸಿದವರು ಡೆನ್ಮಾರ್ಕಿನ ಇಂಗೆ ಲೇಮನ್. ನಮ್ಮ ಗೌರಿಬಿದನೂರಿನಲ್ಲೂ 1960ರ ದಶಕದಿಂದ ಇಂಥ ಅಲೆಗಳನ್ನು ಆಲಿಸುವ ಕೇಂದ್ರವಿದೆ.

ಮನುಷ್ಯ ಇಳಿದದ್ದು ಎಷ್ಟು? 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿ ಮೂರು ಕಿಲೋಮೀಟರ್ ದಾಟಿತ್ತು. ಅಲ್ಲಿ ಸಿಕ್ಕಿದ್ದು ಸಮುದ್ರವಲ್ಲ, ಕೈ ಸುಡುವ ಕಲ್ಲು.

ಹಾಗಾದರೆ ಬೋರಿನಲ್ಲಿ ಬೀಳುವ ನೀರು ಯಾವುದು? ಮಳೆಯದೇ. ಗ್ರಾನೈಟಿನ ಒಡಲಲ್ಲಿ ನೀರು ನಿಲ್ಲಲು ಜಾಗವಿಲ್ಲ. ಮೇಲಿನ ಗರಸಿನಲ್ಲಿ, ಅದರಡಿಯ ಬಿರುಕುಗಳಲ್ಲಿ ಇಂಗಿದ್ದಷ್ಟೇ ನೀರು. ಆಳಕ್ಕೆ ಹೋದಂತೆ ಮೇಲಿನ ಭಾರಕ್ಕೆ ಬಿರುಕುಗಳು ಬಿಗಿಯಾಗುತ್ತವೆ, ವಿರಳವಾಗುತ್ತವೆ. ಸಾವಿರ ಅಡಿಗೆ ನೀರು ಬಿದ್ದವರೂ ಇದ್ದಾರೆ. ಊರಲ್ಲಿ ಎಲ್ಲರೂ ಅವರ ಹೆಸರನ್ನೇ ಹೇಳುತ್ತಾರೆ, ಬೀಳದವರದನ್ನು ಯಾರೂ ಹೇಳುವುದಿಲ್ಲ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಜಾಗ ತೋರಿಸುವವರಿಗೂ ಇದೇ ಅನುಕೂಲ.

ಹುಡುಗನಿಗೆ ಇಷ್ಟನ್ನೂ ಹೇಳಿದೆ. “ಮತ್ತ ಅಪ್ಪಗ ಏನು ಹೇಳ್ಲಿ ಸರ್?” ಎಂದ. ಬೋರು ಹಾಕಿಸಬೇಡಿ ಎಂದು ಹೇಳುವುದು ನನಗೆ ಸುಲಭ. ಸಂಬಳ ತಿಂಗಳ ಕೊನೆಗೆ ಬರುತ್ತದೆ. ಆದರೂ ಸಂಜೆ ಅವನ ಜೊತೆ ಹೊಲಕ್ಕೆ ಹೋದೆ. ಅಷ್ಟರಲ್ಲಿ 860 ಅಡಿ ಆಗಿತ್ತು. ಅವನ ತಂದೆ ನನ್ನ ಮಾತನ್ನು ಪೂರ್ತಿ ಕೇಳಿದರು, ಬಹಳ ಹೊತ್ತು ಸುಮ್ಮನೆ ನಿಂತರು, ಆಮೇಲೆ ಗಾಡಿಯವರಿಗೆ ಕೈ ಮಾಡಿ ನಿಲ್ಲಿಸಿದರು.

ಕೊನೆಯ ಪುಡಿಯನ್ನು ಹುಡುಗ ಮರುದಿನ ಒಂದು ಇಂಕಿನ ಬಾಟಲಿಯಲ್ಲಿ ತಂದುಕೊಟ್ಟ. ನಮ್ಮ ಪ್ರಯೋಗಶಾಲೆಯ ಬೀರುವಿನಲ್ಲಿದೆ. ಚೀಟಿಯನ್ನು ಅವನೇ ಬರೆದು ಅಂಟಿಸಿದ್ದಾನೆ: “860 ಅಡಿ, 250 ಕೋಟಿ ವರ್ಷ, ನೀರು ಇಲ್ಲ.”