ಹೊಸ ವಹಿ ಕೊಡುವ ಮುನ್ನ ಹಳೆಯದನ್ನು ಒಯ್ಯಿರಿ: ಮೌಲ್ಯಮಾಪನದ ಹೊರೆ ಕುರಿತು ಶಿಕ್ಷಕರ ಹಕ್ಕೊತ್ತಾಯ ಪತ್ರ

ಸರ್ಕಾರಿ ಪ್ರಾಥಮಿಕ ಹಾಗೂ ಪ್ರೌಢಶಾಲೆಗಳಲ್ಲಿ ಪಾಠ ಮಾಡುವ ನಾವು ರಾಜ್ಯದ ಶಾಲಾ ಶಿಕ್ಷಣ ಸಚಿವರ ಮುಂದಿಡುವ ಬೇಡಿಕೆಗಳಿವು.

ಮಗು ಎಷ್ಟು ಕಲಿತಿದೆ ಎಂದು ಆಗಾಗ ನೋಡಬೇಕೆಂಬುದಕ್ಕೆ ನಮ್ಮ ತಕರಾರಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಬೇಕೆಂದಾಗ ನಮ್ಮಲ್ಲಿ ಹಲವರು ಖುಷಿಪಟ್ಟವರೇ. ಆಮೇಲೆ ಬಂದ ಒಂದೊಂದು ಸುಧಾರಣೆಯೂ ಒಂದೊಂದು ಹೊಸ ವಹಿ ತಂದಿತು. ಹಳೆಯ ವಹಿಯನ್ನು ಯಾರೂ ವಾಪಸು ಒಯ್ಯಲಿಲ್ಲ.

1. ಒಂದು ಅಂಕವನ್ನು ಒಂದೇ ಕಡೆ ಕೇಳಿ. ರೂಪಣಾತ್ಮಕ ಮೌಲ್ಯಮಾಪನದ ಅಂಕ ಉತ್ತರ ಪತ್ರಿಕೆಯಿಂದ ಅಂಕವಹಿಗೆ, ಅಲ್ಲಿಂದ ಪ್ರಗತಿ ಪತ್ರಕ್ಕೆ, ಮತ್ತೆ ವಿದ್ಯಾರ್ಥಿಗಳ ಮಾಹಿತಿ ತುಂಬುವ ಸ್ಯಾಟ್ಸ್ ತಂತ್ರಾಂಶಕ್ಕೆ ಹೋಗುತ್ತದೆ. ಇಷ್ಟಾದರೂ ‘ಕೂಡಲೇ ಕಳಿಸಿ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತದೆ. ಸ್ಯಾಟ್ಸ್‌ಗೆ ಹಾಕಿದ್ದನ್ನು ಬೇರೆ ನಮೂನೆಯಲ್ಲಿ ಕೇಳಕೂಡದೆಂದು ಆದೇಶ ಹೊರಡಿಸಿ. ಕ್ಲಸ್ಟರ್‌ಗೊಬ್ಬ ಡೇಟಾ ಎಂಟ್ರಿ ಸಹಾಯಕರನ್ನು ಕೊಡಿ.

2. ಪಾಠ ಆಧಾರಿತ ಮೌಲ್ಯಾಂಕನದ ಸಂಖ್ಯೆ ಇಳಿಸಿ. 2025-26ರಲ್ಲಿ ಬಂದ ಈ ಪದ್ಧತಿಯಲ್ಲಿ ಪಾಠ ಮುಗಿದೊಡನೆ ಕಿರುಪರೀಕ್ಷೆ. ಕಾಗದದ ಮೇಲೆ ಚೆಂದ. ಪ್ರೌಢಶಾಲೆಯ ಸಮಾಜ ವಿಜ್ಞಾನ ಶಿಕ್ಷಕರೊಬ್ಬರ ಲೆಕ್ಕ ನೋಡಿ: ಮೂರು ತರಗತಿ, ತಲಾ 40 ಮಕ್ಕಳು, ತರಗತಿಗೆ 30 ಪಾಠ ಎಂದಿಟ್ಟುಕೊಳ್ಳಿ. ಒಟ್ಟು 3,600 ಉತ್ತರ ಪತ್ರಿಕೆ. ಒಂದಕ್ಕೆ ಮೂರೇ ನಿಮಿಷ ಎಂದರೂ 180 ಗಂಟೆ. ಶಿಕ್ಷಣ ಹಕ್ಕು ಕಾಯ್ದೆ ಶಿಕ್ಷಕರಿಗೆ ತಯಾರಿಯೂ ಸೇರಿ ವಾರಕ್ಕೆ 45 ಗಂಟೆಯ ಕೆಲಸ ಹೇಳುತ್ತದೆ. ಅಂದರೆ ನಾಲ್ಕು ವಾರ ಬರೀ ತಿದ್ದುವುದಕ್ಕೇ ಹೋಯಿತು. ತಪ್ಪು ಮಾಡಿದ ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡು ಮತ್ತೊಮ್ಮೆ ಹೇಳಿಕೊಡುವ ಹೊತ್ತು ಈ ಲೆಕ್ಕದಲ್ಲಿ ಎಲ್ಲೂ ಇಲ್ಲ. ಪರೀಕ್ಷೆ ಮಾಡಿದ್ದೇ ಅದಕ್ಕಲ್ಲವೇ? ಎರಡು ಮೂರು ಪಾಠಕ್ಕೊಂದು ಪರೀಕ್ಷೆ ಸಾಕು, ಅಂಕ ಶಾಲೆಯಲ್ಲೇ ಇರಲಿ.

3. ನಲಿಕಲಿಯಿಂದ ಕಲಿಯಿರಿ. ಇದನ್ನು ಒತ್ತಿ ಹೇಳುತ್ತಿದ್ದೇವೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶಿಕ್ಷಕರೇ ಕೈಹಾಕಿ ಕಟ್ಟಿದ ಈ ಪದ್ಧತಿಯಲ್ಲಿ ಮೌಲ್ಯಮಾಪನಕ್ಕೆ ಬೇರೆ ದಿನವಿರಲಿಲ್ಲ. ಕಲಿಕಾ ಏಣಿಯ ಮೆಟ್ಟಿಲುಗಳಲ್ಲೇ ಅದು ಸೇರಿಕೊಂಡಿತ್ತು. ಮಗು ಯಾವ ಮೆಟ್ಟಿಲಲ್ಲಿದೆ ಎಂದು ಪ್ರಗತಿ ನೋಟ ತೋರಿಸುತ್ತಿತ್ತು. ಅಂಥ ತರಗತಿಗಳ ಮೇಲೂ ಈಗ ಅಂಕಪಟ್ಟಿ ಹೇರುವುದೆಂದರೆ, ಅಡುಗೆ ಮಾಡಿದವರ ಕೈಗೆ ತಕ್ಕಡಿ ಕೊಟ್ಟು ಪ್ರತಿ ತುತ್ತನ್ನೂ ತೂಗಿ ಬಡಿಸಿ ಎಂದಂತೆ. ಒಂದರಿಂದ ಮೂರನೇ ತರಗತಿಗೆ ಪ್ರಗತಿ ನೋಟವನ್ನೇ ಏಕೈಕ ದಾಖಲೆಯಾಗಿ ಒಪ್ಪಿಕೊಳ್ಳಿ.

4. ಚಟುವಟಿಕೆಗೆ ಫೋಟೊ ಪುರಾವೆ ಕೇಳಬೇಡಿ. ಕ್ಯಾಮೆರಾ ಹಿಡಿದವರು ಪಾಠ ಮಾಡಲಾರರು.

5. ವರ್ಷದ ನಡುವೆ ನಿಯಮ ಬದಲಿಸಬೇಡಿ. 2024ರ ಮಾರ್ಚ್‌ನಲ್ಲಿ 5, 8 ಮತ್ತು 9ನೇ ತರಗತಿಗಳ ಬೋರ್ಡ್ ಪರೀಕ್ಷೆ ಕೋರ್ಟಿನಿಂದ ಕೋರ್ಟಿಗೆ ಅಲೆಯಿತು. ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಫಲಿತಾಂಶಕ್ಕೆ ತಡೆ ನೀಡಿತು. ಮಕ್ಕಳು ಬರೆದ, ನಾವು ತಿದ್ದಿದ ಆ ಶ್ರಮಕ್ಕೆ ಯಾರೂ ಲೆಕ್ಕ ಕೊಡಲಿಲ್ಲ. ಮೌಲ್ಯಮಾಪನದ ಯಾವುದೇ ಬದಲಾವಣೆ ಶಾಲೆ ತೆರೆಯುವ ಮುನ್ನವೇ ತಿಳಿಯಬೇಕು; ಆ ಬಳಿಕದ ಆದೇಶ ಮುಂದಿನ ವರ್ಷಕ್ಕೆ.

6. ಎಸ್ಸೆಸ್ಸೆಲ್ಸಿಗೆ 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ಬಂದವು. ಸೋತ ಮಗುವಿಗೆ ಮತ್ತೊಂದು ಬಾಗಿಲು ತೆರೆದದ್ದು ಒಳ್ಳೆಯದೇ, ಅದನ್ನು ಮುಚ್ಚಿ ಎನ್ನುವುದಿಲ್ಲ. ಆದರೆ ವಿಶೇಷ ತರಗತಿ, ಕೊಠಡಿ ಮೇಲ್ವಿಚಾರಣೆ, ಮೌಲ್ಯಮಾಪನ ಕೇಂದ್ರದ ಕೆಲಸ ಎಲ್ಲವೂ ನಮ್ಮ ಬೇಸಿಗೆ ರಜೆಯನ್ನು ತಿನ್ನುತ್ತವೆ. ‘ನಿಮಗೆ ರಜೆ ಇದೆಯಲ್ಲ’ ಎಂದು ಗಳಿಕೆ ರಜೆ ಕಡಿಮೆ ಕೊಟ್ಟಿರುವವರು, ಆ ರಜೆಯಲ್ಲಿ ದುಡಿಸಿಕೊಂಡ ಪ್ರತಿ ದಿನವನ್ನೂ ಗಳಿಕೆ ರಜೆಗೆ ಸೇರಿಸಬೇಕು.

7. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಬಳಸಬಾರದು ಎನ್ನುತ್ತದೆ. ಹಾಗಿದ್ದೂ ನಮ್ಮನ್ನು ಹಚ್ಚಿದ 2025ರ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗಾಗಿ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ಮೌಲ್ಯಾಂಕನದ ವೇಳಾಪಟ್ಟಿ ಮಾತ್ರ ನಮಗಾಗಿ ಕಾಯಲಿಲ್ಲ. ಇಂಥ ದಿನಗಳನ್ನು ಕಳೆದು ಗುರಿ ನಿಗದಿಪಡಿಸಿ.

ಅರ್ಧವಾರ್ಷಿಕ ಪರೀಕ್ಷೆಗೆ ಮುನ್ನ ಲಿಖಿತ ಉತ್ತರ ಬೇಕು. ಮಾತುಕತೆಗೆ ಕರೆಯುವುದಾದರೆ ಶನಿವಾರ ಮಧ್ಯಾಹ್ನ ಕರೆಯಿರಿ. ಉಳಿದ ಹೊತ್ತು ನಮಗೆ ಪಾಠವಿದೆ.