ವಿಳಾಸವಿಲ್ಲದ ಚೀಟಿ

1992ರ ಜುಲೈ 8ರ ಸಂಜೆ ಪಶ್ಚಿಮ ಬಂಗಾಳದ ಮಥುರಾಪುರ ರೈಲು ನಿಲ್ದಾಣದಲ್ಲಿ ಒಬ್ಬ ಕೃಷಿ ಕೂಲಿಕಾರ ರೈಲಿನಿಂದ ಬಿದ್ದ. ತಲೆಗೆ ಪೆಟ್ಟಾಗಿ ಒಳಗೆ ರಕ್ತಸ್ರಾವವಾಗಿತ್ತು. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸೌಲಭ್ಯವಿರಲಿಲ್ಲ. ಡೈಮಂಡ್ ಹಾರ್ಬರ್ ಆಸ್ಪತ್ರೆಗೆ, ಇಲ್ಲವೇ ಕಲ್ಕತ್ತದ ಯಾವುದಾದರೂ ಸರ್ಕಾರಿ ಆಸ್ಪತ್ರೆಗೆ ಒಯ್ಯಿರಿ ಎಂದರು. ಅಂದು ರಾತ್ರಿಯೂ ಮರುದಿನವೂ ಅವನನ್ನು ಎನ್.ಆರ್.ಎಸ್., ಕಲ್ಕತ್ತ ಮೆಡಿಕಲ್ ಕಾಲೇಜು, ನ್ಯಾಷನಲ್ ಮೆಡಿಕಲ್ ಕಾಲೇಜು, ಎಸ್.ಎಸ್.ಕೆ.ಎಂ. ಎಂದು ಬಾಗಿಲಿಂದ ಬಾಗಿಲಿಗೆ ಹೊತ್ತು ತಿರುಗಿದರು. ಒಂದು ಕಡೆ ಹಾಸಿಗೆ ಇಲ್ಲ, ಇನ್ನೊಂದು ಕಡೆ ಸೌಲಭ್ಯ ಇಲ್ಲ. ಕಡೆಗೆ ಖಾಸಗಿ ಆಸ್ಪತ್ರೆಯೊಂದು ಸೇರಿಸಿಕೊಂಡಿತು. ಖರ್ಚು ಸುಮಾರು 17 ಸಾವಿರ ರೂಪಾಯಿ.

ಅವನ ಸಂಘಟನೆ ಪಶ್ಚಿಮ ಬಂಗ ಖೇತ್ ಮಜ್ದೂರ್ ಸಮಿತಿ ಸುಪ್ರೀಂ ಕೋರ್ಟಿಗೆ ಹೋಯಿತು. 1996ರ ಮೇ ತಿಂಗಳಲ್ಲಿ ಬಂದ ತೀರ್ಪನ್ನು ಕಾನೂನು ವಿದ್ಯಾರ್ಥಿಗಳೆಲ್ಲ ಓದುತ್ತಾರೆ: ತುರ್ತು ಚಿಕಿತ್ಸೆ ಕೊಡದಿರುವುದು ಸಂವಿಧಾನದ 21ನೇ ವಿಧಿಯ ಉಲ್ಲಂಘನೆ, ಪರಿಹಾರ 25 ಸಾವಿರ ರೂಪಾಯಿ. ಅದೇ ತೀರ್ಪಿನ ಇನ್ನೊಂದು ಮಾತನ್ನು ಎಲ್ಲರೂ ಮರೆತರು. ಯಾವ ಆಸ್ಪತ್ರೆಯಲ್ಲಿ ಜಾಗವಿದೆಯೋ ಅಲ್ಲಿಗೇ ರೋಗಿಯನ್ನು ನೇರವಾಗಿ ಕಳಿಸಲು ಒಂದು ಕೇಂದ್ರೀಕೃತ ಸಂಪರ್ಕ ವ್ಯವಸ್ಥೆ ಬೇಕು ಎಂದು ಕೋರ್ಟು ಹೇಳಿತ್ತು.

ಇಪ್ಪತ್ತೆಂಟು ವರ್ಷಗಳ ನಂತರ, 2024ರ ಅಕ್ಟೋಬರಿನಲ್ಲಿ, ಆರ್.ಜಿ. ಕರ್ ಕೊಲೆಯನ್ನು ಪ್ರತಿಭಟಿಸಿ ಕೋಲ್ಕತ್ತದ ಧರ್ಮತಲಾದಲ್ಲಿ ಉಪವಾಸ ಕೂತ ಕಿರಿಯ ವೈದ್ಯರ ಹತ್ತು ಬೇಡಿಕೆಗಳಲ್ಲಿ ಒಂದು ಕೇಂದ್ರೀಕೃತ ರೆಫರಲ್ ವ್ಯವಸ್ಥೆ. ಸರ್ಕಾರ ಅದರ ಪ್ರಯೋಗವನ್ನು ಶುರು ಮಾಡಿದ್ದು ದಕ್ಷಿಣ 24 ಪರಗಣ ಜಿಲ್ಲೆಯಲ್ಲಿ. ಮಥುರಾಪುರ ಇರುವುದೂ ಅದೇ ಜಿಲ್ಲೆಯಲ್ಲಿ.

ಈ ನಡುವೆ ನಾವು ಏನೂ ಮಾಡಲಿಲ್ಲವೇ? ಮಾಡಿದೆವು, ಟೆಲಿಮೆಡಿಸಿನ್ ಕಟ್ಟಿದೆವು. ಕೇಂದ್ರದ ಇ-ಸಂಜೀವನಿ 2023ರ ಫೆಬ್ರವರಿಯಲ್ಲೇ 10 ಕೋಟಿ ಸಮಾಲೋಚನೆ ದಾಟಿತು. ಬಂಗಾಳ 2021ರಲ್ಲಿ ತನ್ನದೇ 'ಸ್ವಾಸ್ಥ್ಯ ಇಂಗಿತ್' ತಂದಿತು. ಹಳ್ಳಿಯ ಉಪಕೇಂದ್ರದಲ್ಲಿ ಕೂತ ರೋಗಿ ಪರದೆಯಲ್ಲಿ ಡಾಕ್ಟರ ಮುಖ ನೋಡುತ್ತಾನೆ. ಡಾಕ್ಟರೇ ಇಲ್ಲದ ಕಡೆ ಇದು ದೊಡ್ಡ ಉಪಕಾರ. ಆದರೆ ಕೋಟಿಯ ಲೆಕ್ಕ ತೋರಿಸಿ ತಜ್ಞವೈದ್ಯರನ್ನು ಹಳ್ಳಿಗೆ ಮುಟ್ಟಿಸಿಬಿಟ್ಟೆವು ಎಂದು ಬೆನ್ನು ತಟ್ಟಿಕೊಳ್ಳುವವರ ಜೊತೆ ನನ್ನ ಜಗಳವಿದೆ. ರೋಗಿಯನ್ನು ಡಾಕ್ಟರಿಗೆ ತೋರಿಸುವುದು ಒಂದು ಕೆಲಸ. ಹಳ್ಳಿಯ ಡಾಕ್ಟರ ಪ್ರಶ್ನೆಗೆ ತಜ್ಞರಿಂದ ಉತ್ತರ ತರಿಸುವುದು ಬೇರೆಯೇ ಕೆಲಸ. ಮೊದಲನೆಯದನ್ನು ಎಣಿಸುತ್ತ ಎರಡನೆಯದನ್ನು ಕೈಬಿಟ್ಟಿದ್ದೇವೆ.

ಎರಡನೆಯದರ ಹೆಸರು ಇ-ಕನ್ಸಲ್ಟ್. ಇದಕ್ಕೆ ವಿಡಿಯೊ ಬೇಡ, ಇಬ್ಬರೂ ಒಂದೇ ಹೊತ್ತಿಗೆ ಬಿಡುವಾಗಿರಬೇಕಾಗಿಯೂ ಇಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ಬರೆಯುತ್ತಾರೆ: ರೋಗಿಗೆ ಹೀಗಾಗಿದೆ, ಈ ಪರೀಕ್ಷೆ ಮಾಡಿಸಿದ್ದೇನೆ, ಈ ಔಷಧ ಕೊಟ್ಟಿದ್ದೇನೆ, ಮುಂದೇನು? ಜೊತೆಗೆ ಚರ್ಮದ ಕಲೆಯ ಫೋಟೊ, ಥೈರಾಯ್ಡ್ ವರದಿ ಅಥವಾ ಇಸಿಜಿ. ತಜ್ಞರು ತಮ್ಮ ಬಿಡುವಿನಲ್ಲಿ ಓದಿ ಒಂದೆರಡು ದಿನದೊಳಗೆ ಉತ್ತರ ಬರೆಯುತ್ತಾರೆ: ಡೋಸ್ ಹೆಚ್ಚಿಸಿ, ಈ ಒಂದು ಪರೀಕ್ಷೆ ಮಾಡಿಸಿ, ಅಥವಾ ಕಳಿಸಿ, ಇಂಥ ದಿನ ನಾನೇ ನೋಡುತ್ತೇನೆ.

ಮಥುರಾಪುರದಂಥ ತುರ್ತು ಪ್ರಕರಣಕ್ಕೆ ಇದು ಮದ್ದಲ್ಲ. ಅಲ್ಲಿ ಬೇಕಾದ್ದು ಹಾಸಿಗೆ ಮತ್ತು ಆಂಬುಲೆನ್ಸ್. ಆದರೆ ಕೋಲ್ಕತ್ತದ ಜನ 'ಪಿ.ಜಿ.' ಎಂದೇ ಕರೆಯುವ ಎಸ್.ಎಸ್.ಕೆ.ಎಂ.ನ ಹೊರರೋಗಿ ವಿಭಾಗದ ಸಾಲಿನಲ್ಲಿ ನಸುಕಿನಿಂದ ನಿಲ್ಲುವವರೆಲ್ಲ ತುರ್ತು ರೋಗಿಗಳಲ್ಲ. ಪುರುಲಿಯಾದಿಂದಲೋ ಮಾಲ್ದಾದಿಂದಲೋ ಒಂದು ದಿನದ ಕೂಲಿ ಬಿಟ್ಟು ಬಂದವನ ಕೈಯಲ್ಲಿ 'ಮೇಲಿನ ಆಸ್ಪತ್ರೆಗೆ' ಎಂಬ ಚೀಟಿ ಇರುತ್ತದೆ. ಆ ಚೀಟಿಯಲ್ಲಿ ಇಂಥವರಿಗೆ ಎಂದಿಲ್ಲ, ಏನು ತಿಳಿಯಬೇಕು ಎಂದಿಲ್ಲ. ಬರೆದವರಿಗೆ ಮರಳಿ ಒಂದು ಸಾಲಿನ ಉತ್ತರವೂ ಹೋಗುವುದಿಲ್ಲ. ಹಾಗಾಗಿ ಮುಂದಿನ ತಿಂಗಳು ಅಂಥದೇ ರೋಗಿ ಬಂದರೆ ಆ ಡಾಕ್ಟರು ಮತ್ತೆ ಅಂಥದೇ ಚೀಟಿ ಬರೆಯುತ್ತಾರೆ. ಉತ್ತರ ಸಿಕ್ಕಿದ್ದರೆ ಎರಡನೇ ರೋಗಿಗೆ ಅವರೇ ಚಿಕಿತ್ಸೆ ಕೊಡುತ್ತಿದ್ದರು.

ಇದು ಕನಸಿನ ಮಾತಲ್ಲ. ಸ್ಯಾನ್ ಫ್ರಾನ್ಸಿಸ್ಕೊದ ಬಡವರ ಸಾರ್ವಜನಿಕ ಆಸ್ಪತ್ರೆ 2005ರಲ್ಲೇ ಇಂಥ ವ್ಯವಸ್ಥೆ ಆರಂಭಿಸಿತು. ಕೆನಡದ ಒಟ್ಟಾವದಲ್ಲಿ 2010ರಿಂದ ನಡೆಯುತ್ತಿರುವ ಸೇವೆಯಲ್ಲಿ ತಜ್ಞರ ಬಳಿ ಕಳಿಸಬೇಕು ಎಂದುಕೊಂಡಿದ್ದ ಎಷ್ಟೋ ರೋಗಿಗಳನ್ನು ಉತ್ತರ ಬಂದಮೇಲೆ ಕಳಿಸಬೇಕಾಗಲಿಲ್ಲ. ಅಲ್ಲಿ ಉತ್ತರ ಬರೆಯುವ ಹೊತ್ತಿಗೆ ತಜ್ಞರಿಗೆ ಹಣ ಕೊಡುತ್ತಾರೆ.

ನಮಗೂ ಹೊಸತಲ್ಲ. 2000ದ ದಶಕದ ಆರಂಭದಲ್ಲೇ ಡಾ. ದೇವಿ ಶೆಟ್ಟಿಯವರ ಆಸ್ಪತ್ರೆಗಳು ಇಸ್ರೋ ನೆರವಿನಿಂದ ಬೆಂಗಳೂರನ್ನು ಚಾಮರಾಜನಗರಕ್ಕೆ, ಸರಗೂರಿಗೆ ಜೋಡಿಸಿದ್ದವು. ಕೋಲ್ಕತ್ತದ ಅವರ ಆಸ್ಪತ್ರೆಯಿಂದ ಸಿಲಿಗುರಿ, ಬಾಂಕುಡಾ ಕಡೆಗೂ ಸಂಪರ್ಕವಿತ್ತು. ಕರ್ನಾಟಕ ಸರ್ಕಾರ 2023ರಲ್ಲಿ ಘೋಷಿಸಿದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿ ತಜ್ಞರಿಗೆ ಹೋಗುತ್ತದೆ, ಉತ್ತರ ಬರುತ್ತದೆ, ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಅಲ್ಲೇ ಕೊಡುತ್ತಾರೆ. ಹೃದಯಾಘಾತಕ್ಕೆ ನಿಮಿಷಗಳಲ್ಲಿ ಆಗುವುದು ಮಧುಮೇಹಕ್ಕೆ ಎರಡು ದಿನದಲ್ಲಿ ಏಕಾಗಬಾರದು?

'ವಾಟ್ಸಾಪಿನಲ್ಲಿ ಕೇಳಿಕೊಳ್ಳುತ್ತಾರಲ್ಲ' ಎನ್ನುವವರಿದ್ದಾರೆ. ನಿಜ, ಕೇಳಿಕೊಳ್ಳುತ್ತಾರೆ, ತಮ್ಮ ಸಹಪಾಠಿಯನ್ನು. ಅಂದರೆ ರೋಗಿಗೆ ತಜ್ಞರ ಸಲಹೆ ಸಿಗುವುದು ಅವನ ಡಾಕ್ಟರು ಯಾವ ಕಾಲೇಜಿನಲ್ಲಿ ಓದಿದರು ಎಂಬುದರ ಮೇಲೆ ನಿಂತಿದೆ. ಅದು ಸ್ನೇಹ, ವ್ಯವಸ್ಥೆಯಲ್ಲ. ಅಲ್ಲಿ ದಾಖಲೆಯಿಲ್ಲ, ರೋಗಿಯ ಫೋಟೊ ಯಾರ ಮೊಬೈಲಿನಲ್ಲಿ ಉಳಿಯಿತೋ ಗೊತ್ತಿಲ್ಲ. ಕಾನೂನಿನ ಅಡ್ಡಿಯೂ ಇಲ್ಲ. 2020ರ ಮಾರ್ಚಿನ ಟೆಲಿಮೆಡಿಸಿನ್ ಮಾರ್ಗಸೂಚಿ ಡಾಕ್ಟರು ಡಾಕ್ಟರನ್ನು ಕೇಳುವುದಕ್ಕೆ ಅವಕಾಶ ಕೊಟ್ಟಿದೆ, ಚಿಕಿತ್ಸೆಯ ಹೊಣೆ ಕೇಳಿದವರದೇ ಎಂದೂ ಹೇಳಿದೆ.

'ತಜ್ಞರಿಗೆ ಪುರುಸೊತ್ತೆಲ್ಲಿ?' ಎಂಬುದು ಎರಡನೆಯ ಮಾತು. ಅದೇ ರೋಗಿಯನ್ನು ಅವರು ಈಗಲೂ ನೋಡುತ್ತಲೇ ಇದ್ದಾರೆ, ನೂರಾರು ಜನರ ನಡುವೆ ಎರಡು ನಿಮಿಷ, ಹಳೆಯ ವರದಿಗಳಿಲ್ಲದೆ. ಆದರೆ ಈ ಕೆಲಸವನ್ನು ಪುಕ್ಕಟೆಯಾಗಿ, ಡ್ಯೂಟಿ ಮುಗಿದ ಮೇಲೆ ಮಾಡಿ ಎಂದರೆ ಅದು ಆರು ತಿಂಗಳಲ್ಲಿ ಸಾಯುತ್ತದೆ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿ: ತಜ್ಞರು ಸೂಚಿಸಿದ ಔಷಧವೇ ಆರೋಗ್ಯ ಕೇಂದ್ರದಲ್ಲಿ ಇಲ್ಲದಿದ್ದರೆ? ಆಗ ಉತ್ತರ ಬರೀ ಕಾಗದ. ಒಪ್ಪಿದೆ. ಆದರೆ ಯಾವ ಔಷಧವಿಲ್ಲದೆ ಎಷ್ಟು ಉತ್ತರಗಳು ವ್ಯರ್ಥವಾದವು ಎಂಬ ಲಿಖಿತ ಲೆಕ್ಕ ಮೊದಲ ಬಾರಿಗೆ ಸಿಗುವುದೂ ಇಲ್ಲೇ. ಆ ಲೆಕ್ಕ ಸರ್ಕಾರಕ್ಕೆ ಇಷ್ಟವಾಗದು, ಜನಕ್ಕೆ ಬೇಕು.

ಹಾಗಾಗಿ ಕೇಳಬೇಕಾದ್ದು ಇಷ್ಟೇ. ಪ್ರತಿ ಆರೋಗ್ಯ ಕೇಂದ್ರಕ್ಕೂ ಹೆಸರು ಹಿಡಿದು ಕೇಳಬಹುದಾದ ತಜ್ಞರಿರಲಿ. ಉತ್ತರಕ್ಕೆ ಗಡುವಿರಲಿ. ಆ ಹೊತ್ತು ಡ್ಯೂಟಿಯ ಲೆಕ್ಕಕ್ಕೆ ಸೇರಲಿ. ಉತ್ತರದಲ್ಲಿ ಬರೆದ ಔಷಧ ಕೇಂದ್ರಕ್ಕೆ ತಲುಪಲಿ. ಮುಂದಿನ ಸಲ ಆರೋಗ್ಯ ಸಚಿವರು, ಕೋಲ್ಕತ್ತದವರಾಗಲಿ ಬೆಂಗಳೂರಿನವರಾಗಲಿ, ಇಷ್ಟು ಕೋಟಿ ಕರೆಗಳಾದವು ಎಂದು ಘೋಷಿಸಿದಾಗ ನಾವು ಒಂದೇ ಪ್ರಶ್ನೆ ಕೇಳೋಣ: ಎಷ್ಟು ಜನರ ಪ್ರಯಾಣ ತಪ್ಪಿತು?