ಕೌದಿಯಲ್ಲಿ ಉಳಿದ ಮುಖಗಳು

ಚರಿತ್ರೆ ಎಂದೊಡನೆ ಶಿಲಾಶಾಸನ, ತಾಮ್ರಪಟ, ಓಲೆಗರಿಗಳು ನೆನಪಿಗೆ ಬರುವುದು ಸಹಜ. ಆದರೆ ಅಕ್ಷರ ಕಲಿಯುವುದನ್ನೇ ಕಾನೂನು ತಡೆದಿದ್ದಾಗ, ಆ ಜನರು ತಮ್ಮ ಚರಿತ್ರೆಯನ್ನು ಎಲ್ಲಿ ಬರೆದಿಡಬೇಕು? ಅಮೆರಿಕದ ಜಾರ್ಜಿಯಾ ಸಂಸ್ಥಾನದಲ್ಲಿ, ಆಫ್ರಿಕದಿಂದ ಹಡಗುಗಳಲ್ಲಿ ತುಂಬಿ ತಂದು ಮಾರಲಾದ ಗುಲಾಮರಿಗೂ ಅವರ ಸಂತತಿಗೂ ಓದುಬರಹ ಕಲಿಸುವುದನ್ನು 1829ರ ಶಾಸನವೊಂದು ನಿಷೇಧಿಸಿತ್ತು.

ಅದೇ ಸಂಸ್ಥಾನದಲ್ಲಿ 1837ರಲ್ಲಿ ಹ್ಯಾರಿಯೆಟ್ ಪವರ್ಸ್ ಗುಲಾಮಗಿರಿಯಲ್ಲಿಯೇ ಜನಿಸಿದರು. ದಾಸ್ಯವಿಮೋಚನೆಯಾದ ಅನಂತರ ಅವರೊಂದು ಕೌದಿಯನ್ನು ಹೊಲಿದರು. ಬಟ್ಟೆಯಲ್ಲಿ ಕತ್ತರಿಸಿದ ಮನುಷ್ಯರು, ಮೃಗಗಳು, ನಕ್ಷತ್ರಗಳನ್ನು ಮೇಲೆ ಹಚ್ಚಿ ಹೊಲಿದು, ಬೈಬಲ್ಲಿನ ಕಥೆಗಳನ್ನು 11 ಚೌಕಗಳಲ್ಲಿ ಮೂಡಿಸಿದ ಆ ಕೌದಿ 1886ರಲ್ಲಿ ಅಥೆನ್ಸ್ ಪಟ್ಟಣದ ಹತ್ತಿಯ ಜಾತ್ರೆಯಲ್ಲಿ ಪ್ರದರ್ಶಿತವಾಯಿತು. ಜೆನ್ನಿ ಸ್ಮಿತ್ ಎಂಬ ಚಿತ್ರಕಲಾ ಶಿಕ್ಷಕಿ ಅದನ್ನು ಕೊಳ್ಳಲು ಬಯಸಿದರು, ಹ್ಯಾರಿಯೆಟ್ ಒಪ್ಪಲಿಲ್ಲ. ಕೆಲವು ವರ್ಷಗಳ ಮೇಲೆ ಬಡತನ ಬಾಧಿಸಿದಾಗ ತಾವೇ ಮಾರಲು ಮುಂದಾಗಿ, 10 ಡಾಲರು ಕೇಳಿ 5ಕ್ಕೆ ಕೊಟ್ಟರು. ಕೊಟ್ಟ ಮೇಲೂ ಅದನ್ನು ನೋಡಲೆಂದೇ ಮತ್ತೆ ಮತ್ತೆ ಬಂದುಹೋಗುತ್ತಿದ್ದರಂತೆ. ಒಂದೊಂದು ಚೌಕದ ಅರ್ಥವನ್ನೂ ಅವರ ಬಾಯಿಂದ ಕೇಳಿ ಬರೆದಿಟ್ಟ ಸ್ಮಿತ್ ಅವರಿಗೆ ಲೋಕ ಋಣಿಯಾಗಿರಬೇಕು.

ಹ್ಯಾರಿಯೆಟ್ ಅವರ ಇನ್ನೊಂದು ಕೌದಿ ಬಾಸ್ಟನ್ ನಗರದ ಸಂಗ್ರಹಾಲಯದಲ್ಲಿದೆ. 1833ರ ನವೆಂಬರಿನಲ್ಲಿ ಉಲ್ಕೆಗಳು ಮಳೆಯಂತೆ ಸುರಿದ ರಾತ್ರಿ ಅದರಲ್ಲಿ ಚಿತ್ರಿತವಾಗಿದೆ. ಅದು ಅವರ ಜನನಕ್ಕಿಂತ ನಾಲ್ಕು ವರ್ಷ ಹಿಂದಿನ ಘಟನೆ. ಹಿರಿಯರಿಂದ ಕೇಳಿದುದೇ ಇರಬೇಕು. ಒಂದು ಜನಾಂಗದ ನೆನಪನ್ನು ಹೀಗೆ ಕಾಪಾಡಿದ ವಸ್ತುವನ್ನು ಬರಿಯ ಹಾಸಿಗೆಯ ಬಟ್ಟೆಯೆಂದೋ ಹೆಂಗಸರ ಬಿಡುವೇಳೆಯ ಕೈಗೆಲಸವೆಂದೋ ಎಣಿಸುವುದು ಅನ್ಯಾಯ.

ಛಾಯಾಚಿತ್ರ ಬಂದ ಮೇಲೆ ದಾಖಲೆಯ ಕೊರತೆ ನೀಗಿತೆಂದು ತೋರಬಹುದು. ಹಾಗಾಗಲಿಲ್ಲ. 1941ರ ಈಸ್ಟರ್ ಹಬ್ಬದ ಬೆಳಗ್ಗೆ, ಸರಕಾರದ ಪರವಾಗಿ ಚಿತ್ರ ತೆಗೆಯುತ್ತಿದ್ದ ರಸೆಲ್ ಲೀ ಎಂಬ ಛಾಯಾಗ್ರಾಹಕರು ಷಿಕಾಗೋ ನಗರದಲ್ಲಿ ಐವರು ಕಪ್ಪು ಹುಡುಗರ ಚಿತ್ರ ತೆಗೆದರು. ಹಬ್ಬದ ಉಡುಪು ತೊಟ್ಟು ಕಾರೊಂದರ ಬಳಿ ಅವರು ಠೀವಿಯಿಂದಿದ್ದಾರೆ. ಚಿತ್ರದ ಶೀರ್ಷಿಕೆಯಲ್ಲಿ ಜನಾಂಗವಿದೆ, ಹಬ್ಬವಿದೆ, ಊರಿದೆ, ಹುಡುಗರ ಹೆಸರುಗಳಿಲ್ಲ.

2018ರಲ್ಲಿ ಬೀಸಾ ಬಟ್ಲರ್ ಎಂಬ ಕಲಾವಿದೆ ಆ ಚಿತ್ರವನ್ನೇ ದೊಡ್ಡದೊಂದು ಕೌದಿಯಾಗಿ ಹೊಲಿದರು. ನ್ಯೂ ಜೆರ್ಸಿಯಲ್ಲಿ ಹುಟ್ಟಿದ ಅವರ ತಂದೆ ಘಾನಾ ದೇಶದವರು. ಬಟ್ಲರ್ ಬಣ್ಣವನ್ನು ಬಳಿಯುವವರಲ್ಲ. ಆಫ್ರಿಕದ ಅಚ್ಚಿನ ಬಟ್ಟೆಗಳನ್ನು ಕತ್ತರಿಸಿ ಜೋಡಿಸುವವರು. ಅವರ ಕೌದಿಗಳಲ್ಲಿ ಮುಖಗಳಿಗೆ ನೀಲಿ, ನೇರಿಳೆ, ಕೆಂಪು ಛಾಯೆಗಳು. ಛಾಯಾಚಿತ್ರದ ಸತ್ಯಕ್ಕೆ ಹೀಗೆ ಬಣ್ಣ ಕಟ್ಟುವುದು ಸರಿಯೇ ಎಂಬ ಆಕ್ಷೇಪ ಏಳಬಹುದು. ಆದರೆ ಆ ಹುಡುಗರು ಬೂದುಬಣ್ಣದ ಲೋಕದಲ್ಲಿ ಬಾಳಿದವರಲ್ಲ. ಕ್ಯಾಮೆರಾ ಬಿಟ್ಟುಹೋದುದನ್ನು ಬಟ್ಟೆ ಊಹಿಸುತ್ತದೆ, ಊಹೆಯೆಂಬುದನ್ನು ಮರೆಮಾಚುವುದೂ ಇಲ್ಲ. ಇಲ್ಲದ ಹೆಸರುಗಳನ್ನು ಕಲ್ಪಿಸಿ ಅಂಟಿಸುವ ದುಸ್ಸಾಹಸಕ್ಕೂ ಕಲಾವಿದೆ ಕೈಹಾಕಿಲ್ಲ. ಲೆಕ್ಕದ ಕಡತಕ್ಕೆ ಸೇರಿದ್ದ ಐವರು ಮತ್ತೆ ಮನೆಯ ಮಕ್ಕಳಾಗಿ ಕಾಣುವರೆಂದರೆ ಆ ಸ್ವಾತಂತ್ರ್ಯ ಸಾರ್ಥಕವೇ ಸರಿ.

ಇದೆಲ್ಲ ಕಡಲಾಚೆಯ ಮಾತೆಂದು ಕನ್ನಡಿಗರು ಸುಮ್ಮನಿರುವಂತಿಲ್ಲ. ಪೋರ್ಚುಗೀಸರು ಗೋವೆಗೆ ತಂದ ಆಫ್ರಿಕದ ಗುಲಾಮರಲ್ಲಿ ಕೆಲವರು ತಪ್ಪಿಸಿಕೊಂಡು ಉತ್ತರ ಕನ್ನಡದ ಕಾಡುಗಳನ್ನು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡು ಭಾಗಗಳ ಸಿದ್ದಿಗಳಲ್ಲಿ ಅವರ ಸಂತತಿಯಿದೆ. ಸಿದ್ದಿ ಹೆಂಗಸರೂ ಹಳೆಯ ಬಟ್ಟೆಯ ತುಂಡುಗಳಿಂದ ಕೌದಿ ಹೊಲಿಯುತ್ತಾರೆ. ಹೊಲಿಗೆ ಅಂಚಿನಿಂದ ಹೊರಟು, ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಸೇರುತ್ತದೆ. ಹ್ಯಾರಿಯೆಟ್ ಅವರ ಕೌದಿಯಂತೆ ಇಲ್ಲಿ ಕಥೆಯ ಚಿತ್ರಗಳಿಲ್ಲ. ಆದರೆ ನಾಲ್ಕು ಮೂಲೆಗಳಲ್ಲಿ ಮಡಿಸಿದ ಬಟ್ಟೆಯ ಪುಟ್ಟ ಹೂಗಳಿರಲೇಬೇಕು. ಹೂವಿಲ್ಲದ ಕೌದಿಯನ್ನು ಅವರು ಬೆತ್ತಲೆ ಎನ್ನುತ್ತಾರೆ.